ಗ್ಯಾಸು ಅಲ್ಲ, ದೊಡ್ಡಪ್ಪ

2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ನಾವೆಲ್ಲ ಸ್ಟೇಟಸ್ ಹಾಕಿ ಅತ್ತೆವು. ಬರೀ 46 ವರ್ಷ! ಆದರೂ ನಾನು ಸಿಪಿಆರ್ ಕಲಿಯಲಿಲ್ಲ.

ಆಮೇಲೊಂದು ಭಾನುವಾರ, ಕೆ.ಆರ್. ಪೇಟೆ ಹತ್ತಿರದ ನಮ್ಮೂರಲ್ಲಿ ದೊಡ್ಡಪ್ಪ ಎದೆ ಹಿಡ್ಕೊಂಡು, "ಗ್ಯಾಸು ಕಣ್ಲಾ ಮಗ, ಒಂದು ಸೋಡಾ ತತ್ತಾ" ಅಂದ್ರು. ಮೈಯೆಲ್ಲ ಬೆವರು. ಬೀಡಿ, ಬಿಪಿ, ಶುಗರ್ ಮೂರೂ ಇತ್ತು. ಸೋಡಾ ತರುವಷ್ಟರಲ್ಲಿ ಬಿದ್ದಿದ್ದರು, ಉಸಿರಿರಲಿಲ್ಲ. 108ಕ್ಕೆ ಫೋನ್ ಮಾಡಿ, ಮುಖಕ್ಕೆ ನೀರು ಚಿಮುಕಿಸಿ ಸುಮ್ಮನೆ ನಿಂತೆವು. ದೊಡ್ಡಪ್ಪ ಉಳಿಯಲಿಲ್ಲ.

ಹೃದಯ ನಿಂತರೆ ನಾಲ್ಕೈದು ನಿಮಿಷದಲ್ಲೇ ಮೆದುಳಿಗೆ ಪೆಟ್ಟು ಶುರು. ನಾಗಮಂಗಲ, ಪಾಂಡವಪುರದ ಹಳ್ಳಿಗಳಿಂದ ಮೈಸೂರಿನ ಜಯದೇವ ಅಷ್ಟು ಹತ್ತಿರವಿಲ್ಲ. ಅಲ್ಲೀವರೆಗೆ ರಕ್ತ ಓಡಿಸಬೇಕಾದ್ದು ಪಕ್ಕದಲ್ಲಿರುವವರ ಕೈ.

ಈಗ ಕಲಿತಿದ್ದೇನೆ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಹೇಳಿ, ಎದೆಯ ನಡುವೆ ಅಂಗೈ ಇಟ್ಟು, ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬಾರದು. ಎದೆನೋವಿನ ಜೊತೆ ಬೆವರು ಬಂದರೆ ಸೋಡಾ ಅಲ್ಲ, ತಕ್ಷಣ ಇಸಿಜಿ. ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದಿರೋದು ಅದಕ್ಕೇ.

ಮೊನ್ನೆ ಶ್ರೀರಂಗಪಟ್ಟಣದ ಅಕ್ಕನ ಮನೇಲಿ ದಿಂಬಿನ ಮೇಲೆ ಎಲ್ಲರ ಕೈಲೂ ಒತ್ತಿಸಿದೆ. ಅಪ್ಪ ನಕ್ಕರು. "ನಗಬೇಡಿ ಅಪ್ಪಾಜಿ, ನಾಳೆ ನಿಮ್ಮ ಬಿಪಿ, ಶುಗರ್ ಚೆಕಪ್ಪು" ಅಂದೆ.