ಮೊಮ್ಮಗನ ಬಲೆಕೋಲು

ಅಮೆರಿಕದಲ್ಲಿರುವ ನನ್ನ ಮೊಮ್ಮಗನ ಹೈಸ್ಕೂಲಿನಲ್ಲಿ ಲ್ಯಾಕ್ರೋಸ್ ತಂಡವೇ ಇರಲಿಲ್ಲ. ಅವನೂ ಗೆಳೆಯರೂ ತರಗತಿ ತರಗತಿಗೆ ಹೋಗಿ ಹುಡುಗರನ್ನು ಸೇರಿಸಿದರು. ಮೈದಾನಕ್ಕಿಳಿಯಲು 10 ಜನ ಬೇಕು, ಸಿಕ್ಕವರೂ ಹತ್ತೇ!

ಮಕ್ಕಳೇ, ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ರಬ್ಬರ್ ಚೆಂಡನ್ನು ಹಿಡಿದು, ಓಡಿ, ಗೋಲಿಗೆ ಎಸೆಯುವ ಆಟವಿದು. ಉತ್ತರ ಅಮೆರಿಕದ ಮೂಲನಿವಾಸಿಗಳದ್ದು. ಅವರಲ್ಲಿ ಹೋಡೆನೊಶೋನಿ ಜನ ಇದನ್ನು ಸೃಷ್ಟಿಕರ್ತ ಕೊಟ್ಟ ಆಟ ಎನ್ನುತ್ತಾರೆ; ಕಾಯಿಲೆ ಬಿದ್ದವರು ಗುಣವಾಗಲೆಂದೂ ಆಡುತ್ತಾರೆ. 1908ರ ಒಲಿಂಪಿಕ್ಸ್‌ನಲ್ಲಿ ಪದಕಕ್ಕಾಗಿ ಆಡಿದ್ದ ಈ ಆಟಕ್ಕೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಜಾಗ ಸಿಕ್ಕಿದೆ.

ಮೊದಲ ವರ್ಷ ನಾನು ಅಲ್ಲೇ ಇದ್ದೆ. ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಗೋಲು ಕಾಯಲು ಯಾರೂ ಒಪ್ಪದಾಗ ಮೊಮ್ಮಗನೇ ನಿಂತ. ಚೆಂಡಿನೇಟಿಗೆ ತೋಳು, ತೊಡೆ ನೀಲಿಗಟ್ಟಿದವು. "ಸಾಕು, ಬಿಟ್ಟುಬಿಡೋ ಮಗಾ" ಎಂದೆ.

"ನಾನು ಬಿಟ್ರೆ ಒಂಬತ್ತೇ ಜನ ಉಳೀತಾರಜ್ಜಿ. ಆಮೇಲೆ ತಂಡಾನೇ ಇರಲ್ಲ" ಎಂದ.

ಮರುವರ್ಷ ಆರು ಹೊಸ ಹುಡುಗರು ಬಂದರು. ಮೊದಲ ಗೆಲುವೂ ಬಂತು. ಈಗ ಅವನದು ಕೊನೆಯ ವರ್ಷ. ಸಂಜೆಯೆಲ್ಲ ಕಿರಿಯನೊಬ್ಬನಿಗೆ ಗೋಲು ಕಾಯುವುದನ್ನು ಕಲಿಸುತ್ತಾನಂತೆ. ಗೆಲುವಿಗಿಂತ ಆ ಸುದ್ದಿಯೇ ನನಗೆ ಹೆಚ್ಚು ಹಿಗ್ಗು ತಂದಿತು. ಅವನು ಶಾಲೆ ಬಿಟ್ಟ ಮೇಲೂ ತಂಡ ಉಳಿಯಬೇಕಲ್ಲ!