ಕೊನೆಯ ಪುಟವಿಲ್ಲದ ಪತ್ತೇದಾರಿ

ಸಾಮಾನ್ಯರನ್ನು ಕನ್ನಡದ ಓದಿಗೆ ಎಳೆದು ತಂದ ಪತ್ತೇದಾರಿ ಕಾದಂಬರಿಗಳಿಗೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ದೊರೆತಿರುವ ಸ್ಥಳ ಬಹು ಕಿರಿದು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು (1925–2011) ಬರೆದ ಕಾದಂಬರಿಗಳು 500ಕ್ಕೂ ಮಿಕ್ಕಿವೆ. ಅವರ ಪತ್ತೇದಾರ ಪುರುಷೋತ್ತಮ ಒಂದು ಕಾಲಕ್ಕೆ ಮನೆಮಾತು. ಮ. ರಾಮಮೂರ್ತಿಯವರನ್ನು (1918–1967) ನಾಡು ಹಳದಿ-ಕೆಂಪು ಕನ್ನಡ ಬಾವುಟವನ್ನು ರೂಪಿಸಿದವರೆಂದು ನೆನೆಯುತ್ತದೆ. ಅವರ ಪತ್ತೇದಾರಿ ಕಾದಂಬರಿಗಳನ್ನು ನೆನೆಯುವವರು ವಿರಳ.

ಈ ಮರೆವಿಗೆ ಒಂದು ಕಾರಣವೆಂದರೆ ಪ್ರತಿಗಳೇ ಉಳಿಯದಿರುವುದು. ಅಗ್ಗದ ಕಾಗದ, ತೆಳುವಾದ ರಕ್ಷಾಪುಟ, ಬಾಡಿಗೆ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ಸಾಗಿದ ಬದುಕು. ಹೇರಳವಾಗಿ ಅಚ್ಚಾದುದನ್ನು ಯಾರೂ ಕಾದಿಡುವುದಿಲ್ಲ. ಎಲ್ಲೆಡೆ ಇದೆಯೆಂಬ ನಂಬಿಕೆಯಲ್ಲೇ ಅದು ಎಲ್ಲೆಡೆಯಿಂದಲೂ ಮಾಯವಾಗುತ್ತದೆ.

ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತರಾದ ಹಿರಿಯರೊಬ್ಬರು ಇಂತಹ ಪುಸ್ತಕಗಳನ್ನು ಮೂವತ್ತು ವರ್ಷಗಳಿಂದ ಕೂಡಿಹಾಕಿದ್ದಾರೆ. ಭಾನುವಾರಗಳಂದು ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಹುಡುಕುವುದು ಅವರ ವ್ರತ.

"ಒಂದೇ ಪುಸ್ತಕ ಮೂರ್ಯಾಕ್ರೀ?" ಎಂಬುದು ಮಡದಿಯ ಪ್ರಶ್ನೆ.

"ಮೂರೂ ಬೇರೆ ಕಣೇ" ಎಂಬುದು ಅವರ ಉತ್ತರ.

ಉತ್ತರದಲ್ಲಿ ಸತ್ಯವಿದೆ. ಮೊದಲನೆಯದರಲ್ಲಿ ಮೂಲ ಮುಖಚಿತ್ರವಿದೆ, ಕೊನೆಯ ಹಾಳೆಯಿಲ್ಲ. ಎರಡನೆಯದರಲ್ಲಿ ಕೊನೆಯ ಹಾಳೆಯಿದೆ, ಮುಖಚಿತ್ರವಿಲ್ಲ. ಮೂರನೆಯದು ಹೊಸ ಮುದ್ರಣ: ಕಾಗದ ಬೆಳ್ಳಗಿದೆ, ಅಕ್ಷರ ದುಂಡಗಿದೆ, ಆದರೆ ಹಳೆಯ ಮುದ್ರಣದ ಬೆನ್ನುಪುಟದ ಜಾಹೀರಾತು ಅಲ್ಲಿಲ್ಲ. ಲೇಖಕನ ಇತರ ಕೃತಿಗಳ ಹೆಸರು, ಬೆಲೆಗಳು ಉಳಿದಿರುವುದು ಎಷ್ಟೋ ಬಾರಿ ಆ ಜಾಹೀರಾತಿನಲ್ಲಿ ಮಾತ್ರ.

ಪಂಪಭಾರತವನ್ನು 1898ರಲ್ಲಿ ರೈಸ್ ಪ್ರಕಟಿಸಿದ ಮೇಲೂ 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಅದನ್ನು ಮತ್ತೆ ಪರಿಷ್ಕರಿಸಿ ತಂದಿತು. ತಾಳೆಗರಿ ಮುರಿದು ಪಾಠ ನಷ್ಟವಾದ ಕಡೆ ವಿದ್ವಾಂಸರು 'ಗ್ರಂಥಪಾತ' ಎಂದು ಗುರುತಿಸುತ್ತಾರೆ. ಕಳೆದ ಶತಮಾನದಲ್ಲಿ ಅಚ್ಚಾದ ಪುಸ್ತಕಕ್ಕೂ ಗ್ರಂಥಪಾತ ಉಂಟೆಂಬುದು ವಿದ್ವತ್ತಿಗೆ ಹೊಳೆಯುವ ಮೊದಲೇ ಈ ಹಿರಿಯರಿಗೆ ತಿಳಿದಿತ್ತು. ಪತ್ತೇದಾರಿಯಲ್ಲಂತೂ ಕೊನೆಯ ಹಾಳೆ ಹೋದರೆ ಹೋಗುವುದು ಒಂದು ಹಾಳೆಯಲ್ಲ, ಇಡೀ ಕಥೆ.

ಈಗ ಮಗ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಲಿದ್ದಾನೆ. ಎಂಟು ಟ್ರಂಕುಗಳಿಗೆ ನಕ್ಷೆಯಲ್ಲಿ ಜಾಗವಿಲ್ಲ. ವಿಚಾರಿಸಿದ ಗ್ರಂಥಾಲಯವೊಂದು ಇವು ಸಂಶೋಧನೆಗೆ ಒದಗುವಂಥವಲ್ಲವೆಂದು ಹಿಂದೆ ಸರಿಯಿತು. ತೂಕಕ್ಕೆ ಹಾಕಿದರೆ ಸಿಗುವ ಮೊತ್ತವನ್ನು ಗುಜರಿಯವನು ಹೇಳಿ ಹೋಗಿದ್ದಾನೆ.

ಹಿರಿಯರು ವಾದಕ್ಕಿಳಿದಿಲ್ಲ. ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ಗೆರೆ ಎಳೆದು ಕೃತಿ, ಮುದ್ರಣ, ಬೆಲೆ, ಇಲ್ಲದ ಪುಟಗಳು ಎಂದು ಬರೆಯತೊಡಗಿದ್ದಾರೆ. ಟ್ರಂಕುಗಳು ಹೋದರೂ ಏನಿತ್ತೆಂಬುದಾದರೂ ಉಳಿಯಲಿ ಎಂಬುದು ಅವರ ಲೆಕ್ಕ. ಒಂದು ಕಾದಂಬರಿಯ ಕೊನೆಯ ನಾಲ್ಕು ಪುಟಗಳು ಅವರಿಗೆ ಇಂದಿಗೂ ಸಿಕ್ಕಿಲ್ಲ. ಹಿಂದೆ ಅದನ್ನು ಓದಿದ್ದ ಗೆಳೆಯರೊಬ್ಬರು ಕೊಲೆಗಾರನ ಹೆಸರನ್ನು ನೆನಪಿನಿಂದ ಹೇಳಿದರು. ಅದನ್ನೂ ಅವರು ದಾಖಲಿಸಿದ್ದಾರೆ. ಪುಟವನ್ನು ಕಣ್ಣಾರೆ ಕಾಣದ ಕಾರಣ, ಪೆನ್ಸಿಲಿನಲ್ಲಿ.