ಅತ್ತಿಗೆ ಕಂಡದ್ದು

ನನ್ನ ಅಣ್ಣ ಉಳಿದದ್ದೇ ತಲೆಬುರುಡೆಯ ಒಂದು ಭಾಗ ತೆಗೆದದ್ದರಿಂದ. ಮಿದುಳಿನ ಬಲಭಾಗಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಕಟ್ಟಿಕೊಂಡು ಅವನ ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮರುದಿನದಿಂದ ಮಿದುಳಿನ ಆ ಭಾಗ ಊದತೊಡಗಿತು. ಬುರುಡೆಯೊಳಗೆ ಊತಕ್ಕೆ ಜಾಗವಿಲ್ಲ. ಅದು ಚೆನ್ನಾಗಿರುವ ಮಿದುಳನ್ನೂ ಉಸಿರಾಟ ನಡೆಸುವ ಮಿದುಳುಕಾಂಡವನ್ನೂ ಒತ್ತುತ್ತದೆ. ಅದಕ್ಕೇ ಮೂಳೆಯ ದೊಡ್ಡ ತುಂಡನ್ನು ತೆಗೆದಿಟ್ಟು ಮೇಲೆ ಚರ್ಮ ಹೊಲಿದರು. ಯುರೋಪಿನ ಮೂರು ಅಧ್ಯಯನಗಳನ್ನು ಸೇರಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕ ನನ್ನ ಬಳಿ ಇತ್ತು: ಅರವತ್ತರೊಳಗಿನವರಿಗೆ 48 ಗಂಟೆಯೊಳಗೆ ಹೀಗೆ ಮಾಡಿದರೆ ವರ್ಷದ ಮೇಲೂ ನೂರಕ್ಕೆ 78 ಮಂದಿ ಬದುಕಿದ್ದರು, ಮಾಡದಿದ್ದರೆ 29. ಗೆದ್ದೆವು ಅಂದುಕೊಂಡು ನಾನು ಮುಂದೆ ಓದುವುದನ್ನೇ ನಿಲ್ಲಿಸಿದೆ.

ಮನೆಗೆ ಬಂದ ಹೊಸದರಲ್ಲಿ ಅಣ್ಣ ವಾಕರ್ ಹಿಡಿದು ಜಗಲಿವರೆಗೆ ನಡೆಯುತ್ತಿದ್ದ, ಪೇಪರ್ ಓದಿಸಿಕೊಂಡು ಕೇಳುತ್ತಿದ್ದ. ಆಮೇಲೆ ಮಂಕಾದ. ಹಗಲೆಲ್ಲ ನಿದ್ದೆ. ಕೇಳಿದ್ದಕ್ಕೆ ಬಹಳ ಹೊತ್ತಿನ ನಂತರ ಒಂದೇ ಮಾತು. ಎದ್ದು ನಿಂತರೆ ಚೆನ್ನಾಗಿದ್ದ ಬಲಗಾಲೂ ನೆಲ ಬಿಟ್ಟು ಏಳದು. ಹಾಸಿಗೆಯಲ್ಲೇ ಉಚ್ಚೆ ಹೋಗತೊಡಗಿತು.

"ಇವ್ರು ಆಸ್ಪತ್ರೆಯಿಂದ ಬಂದಾಗ ಇದ್ದ ಹಾಗೂ ಇಲ್ಲ ಕಣೇ" ಎಂದು ಅತ್ತಿಗೆ ಹೇಳಿದರು.

"ಎಲ್ಲಾ ಕೈಗೇ ತಂದುಕೊಡ್ತೀರಲ್ಲ ಅತ್ತಿಗೆ, ಅದಕ್ಕೇ ಹೀಗೆ. ಸ್ವಲ್ಪ ಬಿಗಿಯಾಗಿರಿ" ಎಂದೆ ನಾನು. ಅಣ್ಣನ ಮುಂದೆ ಕೂತು, ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ ಎಂದು ಗದರಿದೆ. ಮೂಳೆ ತೆಗೆದ ಜಾಗದಲ್ಲಿ ತಗ್ಗಾಗಿದ್ದ ಚರ್ಮ ಉಬ್ಬಿ ಬಿಗಿದಿರುವುದನ್ನೂ ಅತ್ತಿಗೆ ತೋರಿಸಿದ್ದರು. ಗಾಯ ಮಾಯುತ್ತಿರಬೇಕು ಎಂದೆ. ಹೇಗೂ ಮೂಳೆ ಮತ್ತೆ ಕೂರಿಸುವಾಗ ಹೋಗಲೇಬೇಕಲ್ಲ ಎಂದು ನಡುವಿನ ತಪಾಸಣೆಯನ್ನು ಮುಂದೂಡಿದವಳೂ ನಾನೇ. ಮನೆಯಲ್ಲಿ ಹೆಚ್ಚು ಓದಿದವಳು ಎಂದು ಎಲ್ಲರೂ ನನ್ನ ಮಾತು ಕೇಳುತ್ತಿದ್ದರು.

ಕೊನೆಗೆ ಸ್ಕ್ಯಾನ್ ಆದಾಗ ಮಿದುಳಿನ ನಡುವಿನ ಕುಹರಗಳು ಹಿಗ್ಗಿದ್ದವು. ನಮ್ಮೆಲ್ಲರ ಮಿದುಳಿನಲ್ಲೂ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿ ದ್ರವ ಹುಟ್ಟುತ್ತದೆ. ಒಂದು ಹೊತ್ತಿಗೆ ಒಳಗಿರುವುದು 150 ಮಿಲಿಲೀಟರಿನಷ್ಟು. ಉಳಿದದ್ದು ರಕ್ತಕ್ಕೆ ಇಂಗುತ್ತಲೇ ಇರಬೇಕು. ಬುರುಡೆ ತೆರೆದವರಲ್ಲಿ ಕೆಲವರಿಗೆ ಈ ಇಂಗುವಿಕೆ ಕೆಡುತ್ತದೆ. ಮೂಳೆಯಿಲ್ಲದ ಕಡೆ ನಾಡಿಮಿಡಿತದ ಒತ್ತಡ ಹೊರಕ್ಕೆ ಸೋರಿ ದ್ರವದ ಹರಿವು ಏರುಪೇರಾಗುವುದು ಒಂದು ಕಾರಣ ಎನ್ನುತ್ತಾರೆ ವೈದ್ಯರು. ನಡಿಗೆ, ಮೂತ್ರದ ಹಿಡಿತ, ಬುದ್ಧಿಯ ಚುರುಕು ಒಟ್ಟಿಗೇ ಕುಗ್ಗುವುದನ್ನು ಕೊಲಂಬಿಯಾದ ಸಾಲೊಮನ್ ಹಕೀಂ ಮತ್ತು ಸಂಗಡಿಗರು ಇನ್ನೊಂದು ಬಗೆಯ ದ್ರವಶೇಖರಣೆಯಲ್ಲಿ ಗುರುತಿಸಿ 1965ರಲ್ಲೇ ಬರೆದಿದ್ದರು. ಆ ಮೂರೂ ನನ್ನ ಕಣ್ಣೆದುರಿಗಿದ್ದವು; ನಾನು ಅವನ್ನು ಸೋಮಾರಿತನ ಅಂದುಕೊಂಡಿದ್ದೆ.

ಆದರೆ ಸ್ಕ್ಯಾನ್ ನೋಡಿದೊಡನೆ ಸರ್ಜನ್ ತೀರ್ಮಾನಿಸಲಿಲ್ಲ. ಸತ್ತ ಭಾಗ ಕುಗ್ಗಿದಾಗಲೂ ಕುಹರ ಹಿಗ್ಗಿ ಆ ಜಾಗ ತುಂಬುತ್ತದಂತೆ. ಅದಕ್ಕೆ ಚಿಕಿತ್ಸೆ ಬೇಡ. ಎರಡರಲ್ಲಿ ಇದು ಯಾವುದು ಎಂದು ತಿಳಿಯಲು ಅವರು, ಮೊದಲು ಸುಧಾರಿಸಿದ್ದರೇ, ಯಾವಾಗಿನಿಂದ ಇಳಿದರು, ಮೊದಲು ಕೆಟ್ಟದ್ದು ಯಾವುದು ಎಂದು ಕೇಳುತ್ತಾ ಹೋದರು. ನನಗೆ ಒಂದಕ್ಕೂ ಉತ್ತರ ಬರಲಿಲ್ಲ. ಅತ್ತಿಗೆ ಎಲ್ಲವನ್ನೂ ಅನುಕ್ರಮವಾಗಿ ಹೇಳಿದರು.

ಶಂಟ್ ಹಾಕಿದರು. ಕುಹರದಿಂದ ಹೊರಟ ಸಣ್ಣ ಕೊಳವೆ ಕತ್ತು, ಎದೆಯ ಚರ್ಮದಡಿ ಹಾದು ಹೊಟ್ಟೆಯೊಳಗೆ ದ್ರವ ಬಿಡುತ್ತದೆ. ಕೆಲವು ವಾರಗಳಲ್ಲಿ ಅಣ್ಣ ತಾನಾಗಿ ಮಾತು ತೆಗೆದ, ಬಚ್ಚಲಿಗೆ ಹೋಗಬೇಕೆಂದು ಕೇಳಿದ. ನಡಿಗೆ ಮಾತ್ರ ಜಗಲಿಯವರೆಗೂ ಮರಳಲಿಲ್ಲ. ಅದರಲ್ಲಿ ಪಾರ್ಶ್ವವಾಯುವಿನ ಪಾಲೆಷ್ಟು, ನಾನು ತಡಮಾಡಿದ್ದರ ಪಾಲೆಷ್ಟು ಎಂದು ಕೇಳಿದೆ. ಬಿಡಿಸಿ ಹೇಳಲಾಗದು ಎಂದರು.

ಶಂಟ್ ಕಟ್ಟಿಕೊಳ್ಳುವುದೂ ಉಂಟು. ತಲೆನೋವು, ವಾಂತಿ, ಹಳೆಯ ಮಂಪರು ಕಂಡರೆ ಅತ್ತಿಗೆ ಈಗ ಮೊದಲು ಆಸ್ಪತ್ರೆಗೆ ಫೋನ್ ಮಾಡುತ್ತಾರೆ, ಆಮೇಲೆ ನನಗೆ. ಹಾಗೆ ಮಾಡಿ ಎಂದು ಅವರನ್ನು ಕೇಳಿಕೊಂಡವಳು ನಾನೇ.